ಆವಲಪ್ಪನ ಒಂಟಿ ನಳಿಗೆ ಸೊಸೆಯರು

ಅಂಬಾಜಿದುರ್ಗದ ಬುಡದ ಗುಟ್ಟಹಳ್ಳಿಯಲ್ಲಿ ಆವಲಪ್ಪನ ಮನೆಗೆ ಕಳ್ಳರು ನುಗ್ಗಿದ್ದು ಒಂದೇ ಒಂದು ಸಲ. ನಡುಮನೆಯ ಗೋಡೆಗುಂಟ ಸಾಲಾಗಿ ನಿಂತಿದ್ದ ತುಪಾಕಿಗಳನ್ನು ಕಂಡವರೇ, ದಾರಿ ತಪ್ಪಿ ಚಿಂತಾಮಣಿಯ ಠಾಣೆಗೇ ನುಗ್ಗಿಬಿಟ್ಟೆವೆಂದು ನಡುಗಿ, ಹಿಂದಿನ ಊರಲ್ಲಿ ಕದ್ದು ಹೊತ್ತು ತಂದಿದ್ದ ಹಿತ್ತಾಳೆ ದಪ್ಪಲೆಯನ್ನೂ ಅಲ್ಲೇ ಇಳಿಸಿ ಓಡಿಹೋದರು. ದಪ್ಪಲೆ ನಮ್ಮದು ಎಂದು ಕೇಳಿಕೊಂಡು ಯಾರೂ ಬರಲಿಲ್ಲ. ಆವಲಪ್ಪನ ಹೆಂಡತಿ ಕದಿರಮ್ಮ ಅದರಲ್ಲಿ ಬಹಳ ವರ್ಷ ಸ್ನಾನದ ನೀರು ಕಾಯಿಸಿದಳು. "ಇಷ್ಟೊಂದು ತುಪಾಕಿ ತಂದು ನಿಲ್ಲಿಸಿದ್ದಕ್ಕೆ ಈ ಮನೆಗೆ ಬಂದ ಫಲ ಇದೊಂದೇ ನೋಡಿ," ಎಂದು ಬಂದವರಿಗೆಲ್ಲ ತೋರಿಸುತ್ತಿದ್ದಳು.

ತುಪಾಕಿಗಳು ಹನ್ನೊಂದು. ಹನ್ನೊಂದಕ್ಕೂ ಒಂದೊಂದೇ ನಳಿಗೆ. ಒಂದು ತೋಟಾ ಹಾಕಬೇಕು, ಒಂದು ಈಡು ಹೊಡೆಯಬೇಕು, ಆಮೇಲೆ ತುಪಾಕಿಯ ನಡು ಮಡಿಸಿ ಖಾಲಿ ತೋಟಾ ಕಿತ್ತು ಹೊಸದು ತುರುಕಬೇಕು. ಅಷ್ಟರಲ್ಲಿ ಕಾಡುಹಂದಿ ಕಡಲೆಕಾಯಿ ಹೊಲ ಮುಗಿಸಿ, ಕೈವಾರಕ್ಕೆ ಹೋಗಿ ಕೈಮುಗಿದು, ಬಸ್ಸಿಗೆ ಕಾಯುತ್ತಾ ನಿಂತಿರುತ್ತಿತ್ತು. ಇಂಥವನ್ನು ಯಾಕಪ್ಪಾ ಕೂಡಿಹಾಕುತ್ತೀಯ ಎಂದು ಕೇಳದವರಿಲ್ಲ. ಕೇಳಿದವರನ್ನು ಆವಲಪ್ಪ ಜಗಲಿಯ ಮೇಲೆ ಕೂರಿಸಿ, ಮಜ್ಜಿಗೆ ಕೊಟ್ಟು, ಎದ್ದುಹೋಗಲು ಬಿಡದೆ ವಿವರಿಸುತ್ತಿದ್ದ.

"ಜೋಡು ನಳಿಗೆ ಇಟ್ಕೊಂಡೋನಿಗೆ ಮೊದಲನೇ ಈಡು ಅಂದ್ರೆ ಕೆಮ್ಮಿದ ಹಂಗೆ ಕಣಯ್ಯ. ತಪ್ಪಿದ್ರೆ ಇನ್ನೊಂದೈತಲ್ಲ ಅಂತ ಕೈ ಸೋಮಾರಿ ಆಗ್ತೈತೆ. ಒಂಟಿ ನಳಿಗೆಯೋನು ಉಸಿರು ಕಟ್ಟಿ, ಮನೆದೇವರನ್ನ ನೆನೆಸ್ಕೊಂಡು, ಹೆಂಡ್ತಿಗೆ ಹೇಳಿದ ಸುಳ್ಳನ್ನೆಲ್ಲ ಮನಸ್ಸಲ್ಲೇ ಒಪ್ಕೊಂಡು ತುಪಾಕಿ ಕುದುರೆ ಎಳೀಬೇಕು. ಅದು ಮನುಷ್ಯನ್ನ ನೆಟ್ಟಗೆ ಮಾಡೋ ಸಾಮಾನು."

ಇದು ಜಗಲಿಯ ಮಾತು. ಒಳಗಿನ ಮಾತು ಬೇರೆ ಇತ್ತು. ಮಧ್ಯಾಹ್ನ ಊಟವಾದ ಮೇಲೆ ಆವಲಪ್ಪ ಒಂದೊಂದನ್ನೇ ತೊಡೆಯ ಮೇಲೆ ಮಲಗಿಸಿಕೊಂಡು ಹೊಲಿಗೆ ಮೆಷಿನ್ನಿನ ಎಣ್ಣೆ ಸವರುವಾಗ, ಮರದ ಹಿಡಿಯ ಮೇಲೆ ಒಂದು ಕಡೆ ಕೈ ತಾನಾಗಿ ನಿಲ್ಲುತ್ತಿತ್ತು. ಅದು ಹಳೆಯ ಯಜಮಾನನ ಕೆನ್ನೆ ಸವೆಸಿದ ಜಾಗ. ಯಾವನೋ ಒಬ್ಬ ದೊರೆ, ಯಾವನೋ ಒಬ್ಬ ಪಾಳೇಗಾರರ ವಂಶದವನು, ವರ್ಷಾನುಗಟ್ಟಲೆ ಕೆನ್ನೆಯಿಟ್ಟು ಉಸಿರು ಬಿಗಿಹಿಡಿದು ನಯ ಮಾಡಿದ ಎರಡು ಬೆರಳಗಲದ ಜಾಗ. ಮದರಾಸಿನ ಅಂಗಡಿಯ ಹೊಸ ತುಪಾಕಿಯಲ್ಲಿ ಅದು ಎಲ್ಲಿಂದ ಬರಬೇಕು? ಆವಲಪ್ಪ ಆ ಜಾಗಕ್ಕೆ ತನ್ನ ಕೆನ್ನೆಯಿಟ್ಟು ನೋಡುತ್ತಿದ್ದ. ಒಂದೂ ಕೂರುತ್ತಿರಲಿಲ್ಲ. ಇನ್ನೊಬ್ಬರ ಚಪ್ಪಲಿಗೆ ಕಾಲು ತೂರಿಸಿದ ಹಾಗಾಗುತ್ತಿತ್ತು. ಆದರೂ ಮುಂದಿನದು ಕೂರಬಹುದೇನೋ ಎಂದು ಹುಡುಕಿಕೊಂಡು ಹೊರಡುತ್ತಿದ್ದ. ಹಾಗೆ ಸೇರಿದವು ಹನ್ನೊಂದು.

ಮಕ್ಕಳೆಂದರೆ ಇಬ್ಬರು ಹೆಣ್ಣುಮಕ್ಕಳು, ಇಬ್ಬರೂ ಗಂಡನ ಮನೆ ಸೇರಿದ್ದರು. ಗಂಡುಮಕ್ಕಳಿಲ್ಲದ ಮನೆಗೆ ಆವಲಪ್ಪ ಸೊಸೆಯರನ್ನು ತಂದ ಎಂದು ಊರು ನಗುತ್ತಿತ್ತು. ನಗುವುದಕ್ಕೆ ಅವನೇ ಎಡೆ ಮಾಡಿಕೊಟ್ಟಿದ್ದ. ನಮ್ಮ ಕಡೆ ಸೊಸೆಯನ್ನು ತವರೂರಿನ ಹೆಸರು ಹಿಡಿದು ಕರೆಯುವ ಹಾಗೆ ತುಪಾಕಿಗಳನ್ನೂ ಕರೆಯುತ್ತಿದ್ದ. ಪೆರೇಸಂದ್ರದವಳು ಒಂದು ಗಾಡಿ ಆಲೂಗೆಡ್ಡೆಗೆ ಬದಲಾಗಿ ಬಂದವಳು. ಶಿಡ್ಲಘಟ್ಟದವಳು ರೇಷ್ಮೆಗೂಡಿನ ಬುಟ್ಟಿಯಲ್ಲಿ ಮುಚ್ಚಿಟ್ಟುಕೊಂಡು ಬಂದವಳು. ಆರು ತಿಂಗಳಾದರೂ ಮೈಯಿಂದ ಹುಳದ ವಾಸನೆ ಹೋಗಲಿಲ್ಲ. ಗೌರಿಬಿದನೂರಿನವಳಿಗಾಗಿ ಆವಲಪ್ಪ ಎಷ್ಟು ಬೆಲ್ಲ ಹೊತ್ತನೆಂದರೆ, ಬಸ್ಸಿಳಿಯುವ ಹೊತ್ತಿಗೆ ತಾಲ್ಲೂಕಿನ ಅರ್ಧ ಇರುವೆ ಅವನ ಹಿಂದೆ ಮೆರವಣಿಗೆ ಹೊರಟಿತ್ತು. ಹೊಸದು ಬಂದಾಗ ಹೊಸಿಲ ಮೇಲೆ ಅಕ್ಕಿ ತುಂಬಿದ ಸೇರಿಟ್ಟು ಕದಿರಮ್ಮನೇ ಅರಿಶಿನ ಕುಂಕುಮ ಹಚ್ಚಬೇಕಿತ್ತು. ಬೈದುಕೊಂಡೇ ಹಚ್ಚುತ್ತಿದ್ದಳು.

"ಹನ್ನೊಂದು ಸೊಸೆಯರು! ಒಬ್ಬಳಾದ್ರೂ ಒಂದು ಹಿಡಿ ರಾಗಿ ಬೀಸವ್ಳಾ?"

"ಎದುರು ಮಾತಾಡ್ತಾವಾ ಹೇಳು," ಎನ್ನುತ್ತಿದ್ದ ಆವಲಪ್ಪ.

ಮಾತಾಡುತ್ತಿರಲಿಲ್ಲ, ನಿಜ. ಅವನು ಮಾತಾಡಿಸಿದಾಗಲೂ ಸರಿಯಾಗಿ ಮಾತಾಡುತ್ತಿರಲಿಲ್ಲ. ಹನ್ನೊಂದು ತುಪಾಕಿಯ ಯಜಮಾನನ ಈಡು ಅವನ ಆಯಸ್ಸಿನಲ್ಲಿ ಗುರಿ ಮುಟ್ಟಿದ್ದಿಲ್ಲ. ಕೌಜುಗಕ್ಕೆ ಹೊಡೆದರೆ ಎಡಗಡೆಯ ಹುಣಸೇಮರಕ್ಕೆ ಬೀಳುತ್ತಿತ್ತು. ಹುಣಸೇಮರಕ್ಕೇ ಹೊಡೆದರೆ ಅದರ ಎಡಕ್ಕಿದ್ದ ಬಣವೆಗೆ. ಅವನು ತುಪಾಕಿ ಹೆಗಲಿಗೇರಿಸಿದರೆ ಹಕ್ಕಿಗಳು ನಿರುಮ್ಮಳವಾಗಿ ಕೂರುತ್ತಿದ್ದವು. ಎಡಗಡೆ ಇದ್ದ ಜನ ಮಾತ್ರ ಮನೆ ಸೇರಿ ಅಗುಳಿ ಹಾಕಿಕೊಳ್ಳುತ್ತಿದ್ದರು.

ಆವಲಪ್ಪ ಹುಟ್ಟು ಎಡಚ. ಮಗುವಾಗಿದ್ದಾಗ ಅಜ್ಜಿ ಅವನ ಎಡಗೈಯನ್ನು ಬಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ ಕಟ್ಟಿಹಾಕುತ್ತಿದ್ದಳು. ಉಣ್ಣುವುದು, ಬಿತ್ತುವುದು, ಆರತಿ ತಟ್ಟೆ ಮುಟ್ಟುವುದು, ಎಲ್ಲ ಬಲಗೈಗೆ ಅಭ್ಯಾಸವಾಯಿತು. ತುಪಾಕಿಯಂತೂ ಆಯುಧಪೂಜೆಯಲ್ಲಿ ಇಡುವ ವಸ್ತು. ಅದನ್ನು ಎಡಗೈಯಲ್ಲಿ ಹಿಡಿಯಬಹುದೆಂಬ ಯೋಚನೆಯೇ ಆ ಮನೆಯಲ್ಲಿ ಯಾರಿಗೂ ಬಂದಿರಲಿಲ್ಲ. ಆವಲಪ್ಪನಿಗೂ ಬಂದಿರಲಿಲ್ಲ.

ಇವನ ಈಡುಗಳ ಲೆಕ್ಕವನ್ನು ಇವನಿಗಿಂತ ಚೆನ್ನಾಗಿ ಇಟ್ಟಿದ್ದವನು ರಾಮಾಂಜಿನಪ್ಪ. ಪಟೇಲರ ಮನೆತನ, ಮದರಾಸಿನಿಂದ ತರಿಸಿದ ಜೋಡು ನಳಿಗೆಯ ತುಪಾಕಿ, ಮತ್ತು ಮೀಸೆ. ಆ ಮೀಸೆಯ ಎರಡು ತುದಿಗೆ ಹಗ್ಗ ಕಟ್ಟಿ ಬಟ್ಟೆ ಒಣಹಾಕಬಹುದಿತ್ತು. ಪ್ರತಿ ವರ್ಷ ದೇವರ ಕಾಯಿ ಹೊಡೆಯುವವನು ಅವನೇ.

ದೇವರ ಕಾಯಿ ಎಂದರೆ, ಸಂಕ್ರಾಂತಿಯ ಮಾರನೇ ದಿನ, ಕನುಮದ ಮಧ್ಯಾಹ್ನ, ಬೆಟ್ಟದ ನರಸಿಂಹಸ್ವಾಮಿ ಪಲ್ಲಕ್ಕಿಯಲ್ಲಿ ಪಾರುವೇಟೆಗೆ ಹೊರಡುತ್ತಾನೆ. ದೇವರಿಗೂ ವರ್ಷಕ್ಕೊಂದು ಬೇಟೆ ಬೇಕಲ್ಲ! ಹಿಂದಿನ ಕಾಲದಲ್ಲಿ ಮೊಲ ಬಿಟ್ಟು ಹೊಡೆಯುತ್ತಿದ್ದರಂತೆ. ಒಂದು ವರ್ಷ ಮೊಲ ಪೂಜಾರಿಯ ಪಂಚೆಯೊಳಕ್ಕೆ ಹೊಕ್ಕು, ತುಪಾಕಿಯವನು ಗುರಿ ಬದಲಿಸದೆ ನಿಂತದ್ದರಿಂದ, ಅಂದಿನಿಂದ ಮೊಲದ ಬದಲು ತೆಂಗಿನಕಾಯಿ. ಕೆರೆಯ ಕೋಡಿಯ ಬಳಿ ದೊಡ್ಡ ಆಲದ ಕೊಂಬೆಗೆ ಕಾಯಿ ನೇತುಹಾಕುತ್ತಾರೆ. ಕೂಗಿದರೆ ಮಾತು ಅರ್ಧ ಕೇಳಿಸುವಷ್ಟು ದೂರದಲ್ಲಿ, ಪಲ್ಲಕ್ಕಿಯ ಪಕ್ಕ ನಿಂತು ಹೊಡೆಯಬೇಕು. ಚರೆ ಹಾಕುವಂತಿಲ್ಲ, ತೋಟಾದೊಳಗೆ ಒಂಟಿ ಗುಂಡು. ಯಾರ ಮನೆಯ ಕಾಯಿಯೋ ಅವರ ಮನೆಯ ತುಪಾಕಿ. ಈಡು ಒಂದೇ. ರಾಮಾಂಜಿನಪ್ಪ ಕಾಯಿ ಕಟ್ಟಲು ಶುರುಮಾಡಿದ ಮೇಲೆ ಆ ಒಂದು ಎರಡಾಗಿತ್ತು. ಮೊದಲನೇದು ಆಲದೆಲೆ ಉದುರಿಸುತ್ತಿತ್ತು, ಎರಡನೇದು ಕಾಯಿ ಒಡೆಯುತ್ತಿತ್ತು. "ಮೊದಲನೇದು ದೇವರನ್ನ ಎಬ್ಬಿಸೋಕೆ," ಎಂದು ಅವನು ಮೀಸೆ ತೀಡಿದರೆ ಯಾರೂ ಎದುರಾಡುತ್ತಿರಲಿಲ್ಲ.

ಹೊಸ ತುಪಾಕಿ ಕಾಯ್ದೆ ಬಂದ ವರ್ಷ, ಕಾರ್ತಿಕದಲ್ಲಿ ಒಂದು ಬೆಳಗ್ಗೆ ಡಂಗುರದವನು ಬಂದು ತಮಟೆ ಬಡಿದ. ಅಟ್ಟದ ಮೇಲೆ, ಮೂಲೆಯಲ್ಲಿ ಬಿದ್ದಿರುವ ತುಪಾಕಿಗಳನ್ನು ಲೈಸೆನ್ಸ್ ಇರುವವರ ಹೆಸರಿಗೆ ಮಾಡಿಸಬೇಕು. ಇಲ್ಲವೇ ಸಂಕ್ರಾಂತಿ ತಿಂಗಳೊಳಗೆ ಠಾಣೆಗೆ ಒಪ್ಪಿಸಬೇಕು. ಒಪ್ಪಿಸಿದ್ದನ್ನು ಕಮ್ಮಾರನಿಂದ ಮುರಿಸಿಹಾಕುತ್ತಾರೆ. ಕೊನೆಯ ಮಾತು ಕೇಳಿದ್ದೇ ಆವಲಪ್ಪ ಉಣ್ಣುತ್ತಿದ್ದ ಮುದ್ದೆ ಬಿಟ್ಟು ಎದ್ದ. ಯಾಕೆಂದರೆ ಕೆರೆಯ ಆಚೆ ದಡದ ಸೊಣ್ಣೇನಹಳ್ಳಿಯಲ್ಲಿ, ಲಕ್ಷ್ಮೀನರಸಮ್ಮನ ಮನೆಯ ಅಟ್ಟದ ಮೇಲೆ, ಅಂಥದೊಂದು ತುಪಾಕಿ ಇತ್ತು. ನಾಲ್ಕು ತಾಲ್ಲೂಕು ಸುತ್ತಿದವನು ಕೆರೆ ದಾಟಿ ಅದನ್ನು ಕೇಳಿರಲಿಲ್ಲ. ಕೇಳುವ ಹಾಗಿರಲಿಲ್ಲ.

ಲಕ್ಷ್ಮೀನರಸಮ್ಮನ ಗಂಡ ಮುದ್ದಪ್ಪ ಆ ಸೀಮೆಗೇ ಹೆಸರಾದ ಗುರಿಕಾರ. ಹಾರುವ ಹಕ್ಕಿಯ ನೆರಳಿಗೆ ಹೊಡೆದು ಹಕ್ಕಿಯನ್ನು ಬೀಳಿಸುತ್ತಿದ್ದನೆಂದು ಹೇಳುವವರಿದ್ದರು. ಸ್ವಾತಂತ್ರ್ಯ ಬರುವ ಹಿಂದಿನ ವರ್ಷ ನಂದಿಬೆಟ್ಟದ ಬಿಳಿ ದೊರೆಯೊಬ್ಬ ಸಾಮಾನು ಮಾರಿ ಕಡಲಾಚೆಯ ತನ್ನ ಸೀಮೆಗೆ ಹೊರಟಾಗ, ಮುದ್ದಪ್ಪ ಅವನ ಒಂಟಿ ನಳಿಗೆಯನ್ನು ಕೊಂಡುತಂದ. ತಂದ ವಾರಕ್ಕೆ ಕನುಮ. ಹೊಸ ತುಪಾಕಿಯಲ್ಲೇ ದೇವರ ಕಾಯಿಗೆ ಹೊಡೆದ. ಮೊಳ ಎಡಕ್ಕೆ ತಪ್ಪಿತು. ಆ ವರ್ಷ ಮಳೆಯೂ ತಪ್ಪಿತು. ತುಪಾಕಿ ದರಿದ್ರದ್ದು, ಮುದ್ದಪ್ಪನ ಕೈ ದೇವರಿಗೆ ಬೇಡವಾಯಿತು ಎಂದು ಊರು ತೀರ್ಮಾನಿಸಿತು. ಮುದ್ದಪ್ಪ ತುಪಾಕಿಯನ್ನು ಅಟ್ಟಕ್ಕೆ ಎಸೆದವನು ಸಾಯುವವರೆಗೂ ಇನ್ನಾವ ತುಪಾಕಿಯನ್ನೂ ಮುಟ್ಟಲಿಲ್ಲ. ಎರಡೂ ಊರಿನಲ್ಲಿ ಏನು ಕೈಕೊಟ್ಟರೂ, ಗಾಡಿಯ ಅಚ್ಚು ಮುರಿದರೂ, ಮದುವೆ ಮುರಿದರೂ, "ಮುದ್ದಪ್ಪನ ಕಾಯಿ ಆಯ್ತು" ಎನ್ನುವುದು ರೂಢಿಯಾಯಿತು. ಆತ ತೀರಿಕೊಂಡು ಆಗಲೇ ವರ್ಷವಾಗಿತ್ತು. ರೂಢಿ ಹೋಗಿರಲಿಲ್ಲ.

ಆವಲಪ್ಪ ತಲೆಗೆ ರುಮಾಲು ಸುತ್ತಿ ಕೆರೆ ದಾಟಿದ. ಲಕ್ಷ್ಮೀನರಸಮ್ಮ ಬಾಗಿಲಲ್ಲೇ ಅವನನ್ನು ಅಳೆದಳು. ಒಣಗಿದ ಮೆಣಸಿನಕಾಯಿಯಂಥ ಮುದುಕಿ; ಮೈ ಚಿಕ್ಕದು, ಖಾರ ಪೂರ್ತಿ.

"ಬಾ ನಾಯನಾ. ಹೆಣ್ಣು ನೋಡಕ್ಕೆ ಬಂದ್ಯಾ? ನಿನ್ನ ಕಥೆ ಎಲ್ಲಾ ಕೇಳಿವ್ನಿ. ಕೂತ್ಕೊ, ಮೊದ್ಲು ಉಣ್ಣು."

ರೊಟ್ಟಿಗೆ ಕಡಲೆಬೀಜದ ಚಟ್ನಿ ಹಾಕಿದಳು. ತೆಂಗಿನಕಾಯಿ ಇರಲಿಲ್ಲ. ಹಿತ್ತಲಲ್ಲಿ ತೆಂಗಿನಮರಗಳು ಕಾಯಿ ಹೊತ್ತು ಬಾಗಿದ್ದರೂ ಅಡಿಗೆಮನೆಗೆ ಕಾಯಿ ಬರುತ್ತಿರಲಿಲ್ಲ. ಆ ಕನುಮದಿಂದ ಮುದ್ದಪ್ಪ ತೆಂಗಿನಕಾಯಿಯನ್ನು ಕಣ್ಣೆತ್ತಿ ನೋಡುತ್ತಿರಲಿಲ್ಲವಂತೆ. ಇವಳೂ ತುರಿಯುವುದನ್ನು ಬಿಟ್ಟಳಂತೆ. ಅದನ್ನು ಹೇಳುವಾಗ ಅವಳ ದನಿಯಲ್ಲಿ ಅಳು ಇರಲಿಲ್ಲ, ಸಿಟ್ಟಿತ್ತು.

ಅಟ್ಟದಿಂದ ತುಪಾಕಿ ಇಳಿಯಿತು. ಜೇಡರ ಬಲೆ, ಇಲಿಯ ಹಿಕ್ಕೆ, ಕೆಂಪು ತುಕ್ಕು. ಆವಲಪ್ಪನ ಕಣ್ಣಿಗೆ ಅದೊಂದೂ ಬೀಳಲಿಲ್ಲ. ನೀಳ ನಳಿಗೆ, ನವಿಲಿನ ಕತ್ತಿನ ಹಾಗೆ ಬಾಗಿದ ಕುದುರೆ, ಬೀಗದ ತಗಡಿನ ಮೇಲೆ ಹುಲ್ಲಿನ ನಡುವೆ ಕೂತ ಒಂದು ಲಾವಕ್ಕಿಯ ಕೆತ್ತನೆ. ಅವನ ಬಲಗೈಯಲ್ಲಿ ಮಜ್ಜಿಗೆಯ ಲೋಟವಿತ್ತು. ಲೋಟ ಕೆಳಗಿಡುವಷ್ಟು ತಾಳ್ಮೆ ಇರಲಿಲ್ಲ. ಎಡಗೈಯಲ್ಲೇ ತುಪಾಕಿ ತೆಗೆದುಕೊಂಡ, ಎಡ ಹೆಗಲಿಗೇ ಏರಿಸಿದ, ಕೆನ್ನೆ ತಗ್ಗಿಸಿದ.

ಕೂತಿತು.

ಸವೆದ ಜಾಗ ಕೆನ್ನೆಗೆ ಕೂತಿತು. ನಳಿಗೆ ಕಣ್ಣಿನ ಮುಂದೆ ಬಿತ್ತಿದ ಸಾಲಿನ ಹಾಗೆ ನೆಟ್ಟಗೆ ಹೊರಟು, ಬಾಗಿಲಾಚೆ ಕೆರೆ ದಾಟಿ, ಅಂಬಾಜಿದುರ್ಗದ ತುದಿಯ ಕಲ್ಲಿನ ಮೇಲೆ ನಿಂತಿತು. ಮಜ್ಜಿಗೆ ಪಂಚೆಯ ಮೇಲೆ ಚೆಲ್ಲಿದ್ದು ಅವನಿಗೆ ಗೊತ್ತಾಗಲಿಲ್ಲ. ತುಪಾಕಿ ತಿರುಗಿಸಿ ಮೇಲಿಂದ ನೋಡಿದ. ಹಿಡಿ ನಳಿಗೆಯ ನೇರಕ್ಕಿರಲಿಲ್ಲ; ಕೂದಲೆಳೆಯಷ್ಟು ಎಡಕ್ಕೆ ಬಾಗಿತ್ತು. ಸೊಟ್ಟಗಾದದ್ದಲ್ಲ, ಬಡಗಿ ಬೇಕೆಂದೇ ಬಾಗಿಸಿದ್ದು. ನಂದಿಬೆಟ್ಟದ ಆ ದೊರೆಯೂ ಎಡಚ!

"ಅಮ್ಮಾ, ಇದನ್ನ ನಂಗೆ ಕೊಡಿ. ಏನು ಕೇಳಿದ್ರೂ ಕೊಡ್ತೀನಿ."

"ನಂಗೇನೂ ಬೇಡ ನಾಯನಾ. ಈ ಸಲ ದೇವರ ಕಾಯಿ ನಂದು. ಈ ತುಪಾಕೀಲೇ ಹೊಡೀಬೇಕು, ಊರ ಮುಂದೆ. ಒಂದೇ ಈಡು. ತಗುಲಿದ್ರೆ ತುಪಾಕಿ ನಿಂದು. ತಪ್ಪಿದ್ರೆ ದರಿದ್ರ ಅನ್ನೋದು ನಿಜ ಅಂತ ಆಯ್ತು; ಠಾಣೆಗೆ ಕೊಟ್ಬಿಡ್ತೀನಿ, ಮುರೀಲಿ. ನಮ್ಮೋರ ಹೆಸರೂ ಅದರ ಜೊತೆಗೇ ಮುರಿದು ಹೋಗ್ಲಿ."

"ಅಮ್ಮಾ, ನನ್ನ ಗುರಿ..."

"ಗೊತ್ತು. ಎಡಗಡೆ ಯಾರನ್ನೂ ನಿಲ್ಲಿಸಲ್ಲ. ಹೊಡೀತೀಯಾ, ಇಲ್ವಾ?"

ಹೊಡೆಯುತ್ತೇನೆ ಎಂದು ಬಾಯಿ ಹೇಳಿಬಿಟ್ಟಿತ್ತು.

ಮನೆಗೆ ಬಂದು ಕದಿರಮ್ಮನಿಗೆ ಎಲ್ಲ ಹೇಳಿದ. ಇನ್ನೊಬ್ಬ ಸೊಸೆ ಎಂದು ಅವಳು ಸೌಟು ಎತ್ತುತ್ತಾಳೆಂದುಕೊಂಡಿದ್ದ. ಅವಳು ಒಲೆಯ ಉರಿ ತಗ್ಗಿಸಿ, ಅವನ ಎಡಗೈಯನ್ನು ಹಿಡಿದು ನೋಡಿದಳು.

"ಧಾರೆ ದಿನ ನೆನಪೈತಾ? ತಾಳಿ ಕಟ್ಟೋಕೆ ಎಡಗೈ ಮುಂದೆ ಮಾಡಿದ್ರಿ. ನಿಮ್ಮಜ್ಜಿ ಬೀಸಣಿಗೇಲಿ ಆ ಕೈ ಮೇಲೆ ಬಾರಿಸಿದ್ರು. ಬಲಗೈಲಿ ಕಟ್ಟಿದ ಗಂಟು ಊಟಕ್ಕೆ ಕೂರೋ ಹೊತ್ತಿಗೆ ಬಿಚ್ಚೋಯ್ತು. ನಾನೇ ಯಾರಿಗೂ ಕಾಣದಂಗೆ ಗಂಟು ಹಾಕ್ಕೊಂಡೆ."

"ಇದನ್ನ ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ನೀವು ತುಪಾಕಿ ಬಿಟ್ಟು ಬೇರೆ ಮಾತು ಕೇಳಿಸ್ಕೊಂಡ್ರೆ ತಾನೆ? ಏಳಿ. ಒನಕೆ ತಗೊಳ್ಳಿ."

ಲಕ್ಷ್ಮೀನರಸಮ್ಮ ಕನುಮದವರೆಗೂ ತುಪಾಕಿಯನ್ನು ಹೊಸಿಲು ದಾಟಿಸುವುದಿಲ್ಲ ಎಂದಿದ್ದಳು. ತುಕ್ಕು ತಿಕ್ಕಿ ಎಣ್ಣೆ ಹಚ್ಚಲೂ ಅವಳ ಮನೆಗೇ ಹೋಗಬೇಕಿತ್ತು. ಗೋಡೆಯ ಹನ್ನೊಂದೂ ಬಲಗೈಯವು. ಹಾಗಾಗಿ ಅಭ್ಯಾಸ ಒನಕೆಯ ಮೇಲೆ. ದಿನಾ ಬೆಳಗ್ಗೆ ಆವಲಪ್ಪ ಹಿತ್ತಲಲ್ಲಿ ನಿಂತು ಒನಕೆಯನ್ನು ಎಡ ಹೆಗಲಿಗೇರಿಸಿ, ಕೆನ್ನೆಯಿಟ್ಟು, ಬೇಲಿಯ ಮೇಲಿನ ಕುಂಬಳಕಾಯಿಗೆ ಗುರಿಯಿಡುತ್ತಿದ್ದ. ಕದಿರಮ್ಮ ಹಿಂದೆ ನಿಂತು ತಿದ್ದುತ್ತಿದ್ದಳು. ಒನಕೆ ಅಲುಗಿದರೆ "ಹಂದಿ ಓಡೋಯ್ತು" ಎನ್ನುತ್ತಿದ್ದಳು. ನೆಟ್ಟಗೆ ನಿಂತರೆ "ಢಂ" ಎಂದು ಕೂಗುತ್ತಿದ್ದಳು. ಅವಳ ಢಂ ಎಷ್ಟು ಜೋರಾಗಿತ್ತೆಂದರೆ, ಒಂದು ದಿನ ಕುಂಬಳಕಾಯಿ ಹೆದರಿ ಬಳ್ಳಿಯಿಂದ ತಾನೇ ಕಳಚಿಬಿತ್ತು. ಬೇಲಿಯಾಚೆಯಿಂದ ರಾಮಾಂಜಿನಪ್ಪ ಇಣುಕಿದ.

"ಏನಣ್ಣೋ ಆವಲಪ್ಪಣ್ಣ, ಒನಕೇಗೂ ಲೈಸೆನ್ಸ್ ಮಾಡಿಸಿದ್ಯಾ?"

"ಒಂಟಿ ನಳಿಗೆ ಅಲ್ವೇನಪ್ಪ ಇದೂ," ಎಂದ ಆವಲಪ್ಪ.

"ಹೊಡಿ ಹೊಡಿ. ನೀನು ತಪ್ಪಿಸಿದ ಮೇಲೆ ಕಾಯಿ ಒಡೆಯೋಕೆ ನಾನು ತುಂಬಿಸ್ಕೊಂಡೇ ಬರ್ತೀನಿ. ದೇವರನ್ನ ಉಪವಾಸ ಕಳಿಸೋಕಾಗ್ತೈತಾ?"

ಕನುಮ ಬಂತು. ಕೋಡಿಯ ಬಳಿ ಸೇರಿದ ಜನ ನೋಡಿದರೆ ಕೋಲಾರ ಜಿಲ್ಲೆಯಲ್ಲಿ ಅಂದು ಮನೆ ಕಾಯಲು ನಾಯಿಗಳೂ ಉಳಿದಿರಲಿಲ್ಲ. ಎಲ್ಲರೂ ಬಲಗಡೆಯೇ ನಿಂತಿದ್ದರು; ಒಬ್ಬರ ಮೇಲೊಬ್ಬರು ಬಿದ್ದು, ಆ ಕಡೆಯ ದಡ ಅರ್ಧ ಅಡಿ ಕುಸಿದಿತ್ತು. ಎಡಗಡೆ ಒಂದು ಎಮ್ಮೆ ಮೇಯುತ್ತಿತ್ತು. ಅದರ ಯಜಮಾನಿ ಓಡಿಬಂದು ಅದನ್ನೂ ಎಳೆದುಕೊಂಡು ಹೋದಳು.

ಲಕ್ಷ್ಮೀನರಸಮ್ಮ ತನ್ನ ಹಿತ್ತಲಿನ ಕಾಯಿಯನ್ನು ತಾನೇ ತಂದು ಕೊಟ್ಟಳು. ಆಲದ ಕೊಂಬೆಯಲ್ಲಿ ಅದು ನೇತಾಡಿತು. ದೂರಕ್ಕೆ ಅದು ನೆಲ್ಲಿಕಾಯಿಯಷ್ಟೇ ಕಾಣುತ್ತಿತ್ತು. ಪಲ್ಲಕ್ಕಿ ಇಳಿಯಿತು. ಪೂಜಾರಿ ವೆಂಕಟರವಣಪ್ಪ ಮಂಗಳಾರತಿ ಎತ್ತಿ, ತುಪಾಕಿಗೆ ಕುಂಕುಮವಿಟ್ಟು ಕೊಟ್ಟ. ಆವಲಪ್ಪ ತಾನೇ ತುಂಬಿದ ತೋಟಾ ಹಾಕಿ, ನಡು ಮಡಿಸಿದ ತುಪಾಕಿಯನ್ನು ಮುಚ್ಚಿದ. ಟಕ್ ಎಂದು ಬಾಯಿ ಮುಚ್ಚಿಕೊಂಡಿತು. ಎಡ ಹೆಗಲಿಗೆ ಏರಿಸಿದ.

"ಏಯ್! ಏಯ್ ಏಯ್!" ಪೂಜಾರಿ ಆರತಿ ತಟ್ಟೆಯ ಸಮೇತ ಅಡ್ಡ ಬಂದ. "ಎಡಗೈಲಾ? ದೇವರ ಕಾಯಿಗೆ ಎಡಗೈಯಾ? ಇಳಿಸಪ್ಪ ಕೆಳಗೆ!"

ಜನ ಗುಜುಗುಜು ಎಂದಿತು. ಅಪಚಾರ ಎಂದ ಒಬ್ಬ. ಮಳೆ ಹೋಯ್ತು ಎಂದ ಇನ್ನೊಬ್ಬ. "ಮುದ್ದಪ್ಪನ ಕಾಯಿ ಆಯ್ತು," ಎಂದು ಹಿಂದಿನಿಂದ ಯಾರೋ ಕೂಗಿದರು. ಲಕ್ಷ್ಮೀನರಸಮ್ಮನ ಮುಖ ಬಿಗಿಯಿತು. ರಾಮಾಂಜಿನಪ್ಪ ತನ್ನ ಜೋಡು ನಳಿಗೆಯನ್ನು ಹೆಗಲಿಂದ ಮೆಲ್ಲಗೆ ಇಳಿಸಿದ.

ಆವಲಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಬಲ ಹೆಗಲಿಗೆ ಬದಲಿಸಿದರೆ ಮೊಳ ಎಡಕ್ಕೆ ಹೋಗುತ್ತದೆ, ಖಂಡಿತ. ಮುದ್ದಪ್ಪನಿಗೇ ಹೋಗಿತ್ತು. ಬದಲಿಸದಿದ್ದರೆ ಹೊಡೆಯಲು ಬಿಡುವುದಿಲ್ಲ. ಹೇಗೆ ನೋಡಿದರೂ ಲಾವಕ್ಕಿಯ ತುಪಾಕಿ ಕಮ್ಮಾರನ ಸುತ್ತಿಗೆಯಡಿ ಹೋಗಿ ಕೂರುವುದೇ ಸೈ. ಅವನು ತುಪಾಕಿಯನ್ನು ಅರ್ಧ ಇಳಿಸಿದ್ದ.

"ಪೂಜಾರಪ್ಪಾ," ಎಂದು ಹೆಂಗಸರ ಗುಂಪಿನಿಂದ ಕದಿರಮ್ಮನ ದನಿ ಬಂತು. ಒನಕೆಗೆ ಢಂ ಎಂದು ಪಳಗಿದ ದನಿ; ಇಡೀ ಕೆರೆಗೆ ಕೇಳಿಸಿತು. "ಒಂದು ಮಾತು ಕೇಳ್ತೀನಿ, ತಪ್ಪು ತಿಳೀಬೇಡಿ. ಸ್ವಾಮಿ ಶಂಖ ಯಾವ ಕೈಲಿ ಹಿಡ್ದವ್ನೆ?"

ವೆಂಕಟರವಣಪ್ಪ ತಿರುಗಿ ಪಲ್ಲಕ್ಕಿಯೊಳಗೆ ನೋಡಿದ. ಅವನ ಜೊತೆ ಜಿಲ್ಲೆಯೆಲ್ಲ ಕತ್ತು ಚಾಚಿ ನೋಡಿತು. ಹೂವಿನ ರಾಶಿಯ ನಡುವೆ ನರಸಿಂಹಸ್ವಾಮಿ ಬಲಗಡೆ ಚಕ್ರ, ಎಡಗಡೆ ಶಂಖ ಹಿಡಿದು, ತನಗೂ ಇದಕ್ಕೂ ಸಂಬಂಧವಿಲ್ಲ ಎಂಬಂತೆ ಕೂತಿದ್ದ.

"ಎಡಗೈಲಿ," ಎಂದ ಪೂಜಾರಿ, ಸಣ್ಣಗೆ.

"ಗಟ್ಟಿಯಾಗಿ ಹೇಳಿ, ಹಿಂದಿನೋರಿಗೆ ಕೇಳಿಸ್ಲಿಲ್ಲ!"

"ಎಡಗೈಲಮ್ಮಾ, ಎಡಗೈಲಿ!"

"ಹಂಗಾರೆ ಆ ಕೈ ತೊಳೆದು ಬರೋಕೆ ಸ್ವಾಮಿಗೆ ಹೇಳ್ತೀರಾ, ಇಲ್ಲ ನಮ್ಮೋರಿಗೆ ಹೊಡೆಯೋಕೆ ಬಿಡ್ತೀರಾ?"

ಮೊದಲು ನಕ್ಕವಳು ಲಕ್ಷ್ಮೀನರಸಮ್ಮ. ಆಮೇಲೆ ಕೆರೆಯ ದಂಡೆಯೆಲ್ಲ ನಕ್ಕಿತು. ನಗುವಿಗೆ ಕೆರೆಯ ನೀರು ತುಳುಕಿ ಕೋಡಿ ಹರಿಯಿತು. ಪೂಜಾರಿಯೂ ತಟ್ಟೆ ತೆಗೆದುಕೊಂಡು ಪಕ್ಕಕ್ಕೆ ಸರಿದ.

ಆವಲಪ್ಪ ಮತ್ತೆ ಏರಿಸಿದ. ನಗು ನಿಂತಿತು. ಗಾಳಿಗೆ ಕಾಯಿ ತೂಗಾಡುತ್ತಿತ್ತು. ಇತ್ತ ಬಂತು, ಅತ್ತ ಹೋಯಿತು. ಎರಡನೇ ನಳಿಗೆ ಇಲ್ಲ. ಅವನ ಜೀವಮಾನದ ಜಗಲಿ ಮಾತುಗಳೆಲ್ಲ ಈಗ ಒಂದು ಸೀಸದ ಗುಂಡಿನಲ್ಲಿ ಇದ್ದವು. ಕೆನ್ನೆ ಮರಕ್ಕೆ ತಗುಲಿತು. ಎಂದೋ ಸೀಮೆಗೆ ಹೋದ, ಹೆಸರೂ ಗೊತ್ತಿಲ್ಲದ ಒಬ್ಬ ಎಡಚ ಸವೆಸಿಟ್ಟ ಜಾಗ. ಅವನು ಹತ್ತಿರವೇ ನಿಂತು, ತಾಳು, ಕಾಯಿ ತಾನಾಗಿ ಬರುತ್ತದೆ ಎಂದ ಹಾಗಾಯಿತು. ಆವಲಪ್ಪ ಕಾಯಿಯ ಹಿಂದೆ ಓಡಲಿಲ್ಲ. ನಳಿಗೆಯನ್ನು ನಡುವೆ ನಿಲ್ಲಿಸಿ, ಉಸಿರು ಕಟ್ಟಿ, ಕಾದ. ಕಾಯಿ ಅತ್ತ ಹೋದದ್ದು ಇತ್ತ ಬಂತು.

ಕುದುರೆ ಎಳೆದ.

ಆ ಸದ್ದಿಗೆ ಅಂಬಾಜಿದುರ್ಗ ಒಮ್ಮೆ ಎದ್ದು ಕೂತು ಮತ್ತೆ ಮಲಗಿತು. ಹೊಗೆ ತಿಳಿಯಾದಾಗ ಆಲದ ಕೊಂಬೆಯಲ್ಲಿ ಹಗ್ಗವಿತ್ತು, ಹಗ್ಗದ ತುದಿಯಲ್ಲಿ ಒಂದು ಗಂಟಿತ್ತು, ಗಂಟಿನಲ್ಲಿ ಕಾಯಿಯ ಜುಟ್ಟಿತ್ತು. ಕಾಯಿ ಇರಲಿಲ್ಲ. ಚೂರುಗಳನ್ನು ಜನ ಕೈವಾರದ ದಾರಿಯವರೆಗೂ ಹೋಗಿ ಆಯ್ದರು. ಕಾಯಿನೀರಿನ ಹನಿ ಅಷ್ಟು ದೂರದಿಂದ ಹಾರಿಬಂದು ರಾಮಾಂಜಿನಪ್ಪನ ಮೀಸೆಯ ಮೇಲೆ ಕೂತಿತೆಂದು ಹೇಳುವವರಿದ್ದಾರೆ. ಅವನು ನಾಲಿಗೆ ಚಾಚಿ ರುಚಿ ನೋಡಿದನೆಂದೂ ಹೇಳುತ್ತಾರೆ.

ಶಿಳ್ಳೆ, ತಮಟೆ, ಗೋವಿಂದಾ ಗೋವಿಂದ. ಗದ್ದಲದ ನಡುವೆ ಆವಲಪ್ಪ ನೆಟ್ಟಗೆ ರಾಮಾಂಜಿನಪ್ಪನ ಹತ್ತಿರ ಹೋಗಿ, ಖಾಲಿ ತುಪಾಕಿಯನ್ನು ಅವನ ಕೈಗೆ ಕೊಟ್ಟ.

"ಏರಿಸು ನೋಡಾನ, ರಾಮಾಂಜಿ. ನಿನ್ನ ಬಲ ಹೆಗಲಿಗೆ. ಆ ಜುಟ್ಟಿಗೆ ಗುರಿ ಇಡು."

ರಾಮಾಂಜಿನಪ್ಪ ಏರಿಸಿದ. ಕೆನ್ನೆ ಕೂರಲಿಲ್ಲ. ಕತ್ತು ಉದ್ದ ಮಾಡಿದ, ಗಿಡ್ಡ ಮಾಡಿದ. ಮೊನೆಯನ್ನು ಜುಟ್ಟಿಗೆ ಹಿಡಿದು, ಆಮೇಲೆ ತಲೆ ಎತ್ತಿ ನಳಿಗೆ ನಿಜವಾಗಿ ಎತ್ತ ತಿರುಗಿದೆ ಎಂದು ನೋಡಿದ. ಅದು ಆಲದ ಎಡಕ್ಕೆ, ಚೂರು ಆಯುತ್ತಿದ್ದ ವೆಂಕಟರವಣಪ್ಪನ ಬೆನ್ನ ಕಡೆ ಮುಖಮಾಡಿತ್ತು.

"ಅಯ್ಯಯ್ಯಪ್ಪಾ!" ಎಂದ. ಮೀಸೆ ದೊಡ್ಡದಾದರೂ ಒಳಗೆ ಒಳ್ಳೆಯ ಮನುಷ್ಯ. ತಿರುಗಿ ಜನರಿಗೆ ಕೇಳುವಂತೆ ಕೂಗಿ ಹೇಳಿದ. "ಇದು ಎಡಚರ ತುಪಾಕಿ ಕಣ್ರಯ್ಯೋ! ಮುದ್ದಪ್ಪಣ್ಣಂದು ಏನೂ ತಪ್ಪಿಲ್ಲ. ಇದನ್ನ ಬಲಗೈಲಿ ಹಿಡ್ದು ಬರೀ ಮೊಳ ತಪ್ಪಿಸಿದ್ದೇ ದೊಡ್ಡದು. ನಾನಾಗಿದ್ರೆ ಪೂಜಾರಪ್ಪನ ಹೆಂಡ್ತಿ ಇವತ್ತು ಅಳ್ತಾ ಇದ್ಲು!"

ಆ ಕೂಗು ಕೆರೆ ದಾಟಿ ಸೊಣ್ಣೇನಹಳ್ಳಿಗೆ ಹೋಯಿತು. ಅಲ್ಲಿಂದ ಮುಂದಕ್ಕೆ, ಚಿಂತಾಮಣಿಯ ಕಡಲೆಕಾಯಿ ಮಂಡಿಗಳಿಗೂ ಹೋಯಿತು. ಆ ವರ್ಷದಿಂದ, ಏನಾದರೂ ಕೈಗೂಡಿದಾಗ, ಹಠಮಾರಿ ಬೋರೆ ನೆಲದ ಬಾವಿಯಲ್ಲಿ ನೀರು ಬಿದ್ದಾಗ, ಜನ "ಮುದ್ದಪ್ಪನ ಕಾಯಿ ಆಯ್ತು" ಎನ್ನತೊಡಗಿದರು. ಮಾತು ಅದೇ, ಮುಖ ಬೇರೆ.

ಲಕ್ಷ್ಮೀನರಸಮ್ಮ ಆಲದ ಕೆಳಗೆ ಬಿದ್ದಿದ್ದ ಒಂದು ಹೋಳನ್ನು ಎತ್ತಿ, ಮಣ್ಣು ಊದಿ, ಸೆರಗಿನಲ್ಲಿ ಒರೆಸಿ, ನಿಂತಲ್ಲೇ ತಿಂದಳು. ಇದ್ದ ನಾಲ್ಕು ಹಲ್ಲಿನಲ್ಲಿ ನಿಧಾನವಾಗಿ, ಪೂರ್ತಿ ತಿಂದಳು. ಆಮೇಲೆ ಆವಲಪ್ಪನ ಕಡೆ ನೋಡಿ, "ನಾಳೆ ಹೆಣ್ಣು ಕಳಿಸ್ಕೊಡ್ತೀನಿ. ಗಾಡಿ ತಗೊಂಡು ಬಾ," ಎಂದಳು.

ಮಾರನೇ ದಿನ ಲಾವಕ್ಕಿಯ ತುಪಾಕಿ ಎತ್ತಿನ ಗಾಡಿಯಲ್ಲಿ, ಮಡಿಲಕ್ಕಿ ಕಟ್ಟಿಸಿಕೊಂಡು, ವಾಲಗದ ಜೊತೆ ಗುಟ್ಟಹಳ್ಳಿಗೆ ಬಂದಳು. ಈ ಸಲ ಕದಿರಮ್ಮ ಬೈಯದೆ ಆರತಿ ಎತ್ತಿದಳು. ಮುಂದಿನ ವಾರ ಚಿಂತಾಮಣಿಯ ಕಚೇರಿಯಲ್ಲಿ ತುಪಾಕಿ ಆವಲಪ್ಪನ ಹೆಸರಿಗೂ ಆಯಿತು. ಹುಡುಕಿದ್ದು ಸಿಕ್ಕಿತು, ಇನ್ನಾದರೂ ಈ ಮನುಷ್ಯ ಸುಮ್ಮನಾಗುತ್ತಾನೆ ಎಂದು ಊರು ನಿಟ್ಟುಸಿರು ಬಿಟ್ಟಿತು.

ಸುಮ್ಮನಾಗಲು ಜನ ಬಿಡಬೇಕಲ್ಲ! ಸುದ್ದಿ ಬಸ್ಸು ಹತ್ತಿ ನಾಲ್ಕು ತಾಲ್ಲೂಕು ತಿರುಗಿತ್ತು. ತಿಂಗಳು ಮುಗಿಯುವುದರೊಳಗೆ, ಚಿಕ್ಕಬಳ್ಳಾಪುರದ ಕಡೆಯಿಂದ, ಗೌರಿಬಿದನೂರಿನಿಂದ, ಶಿಡ್ಲಘಟ್ಟದಿಂದ, ಅಟ್ಟದಲ್ಲಿ ಹಳೆಯ ಒಂಟಿ ನಳಿಗೆ ಇದ್ದವರೆಲ್ಲ ಗಾಡಿ ಕಟ್ಟಿಕೊಂಡು ಆವಲಪ್ಪನ ಬಾಗಿಲಿಗೆ ಬಂದರು. ಠಾಣೆಗೆ ಕೊಟ್ಟು ಮುರಿಸುವುದಕ್ಕಿಂತ ಈ ಮನೆ ಸೇರಿದರೆ ಮರ್ಯಾದೆಯಾದರೂ ಉಳಿಯುತ್ತದೆ ಎಂದು ಅವರ ಲೆಕ್ಕ. ಗಾಡಿಗಳ ಸಾಲು ಒಂದು ಬೆಳಗ್ಗೆ ಕೆರೆ ಏರಿ ದಾಟಿ ಮುಂದಿನ ಊರಿನವರೆಗೂ ನಿಂತಿತ್ತು. ಹಿಂದಿನ ಗಾಡಿಯವರು ಕಾದು ಕಾದು ಅಲ್ಲೇ ರಾಗಿ ಬಿತ್ತಿದರು ಎನ್ನುತ್ತಾರೆ. ಆವಲಪ್ಪ ಜಗಲಿಯ ಮೇಲೆ ನಿಂತು, ಯಾರನ್ನು ಮೊದಲು ಕರೆಯಬೇಕೆಂದು ತಿಳಿಯದೆ, ಗೆದ್ದ ಪೈಲ್ವಾನನ ಹಾಗೆ ಸುಮ್ಮನೆ ನಗುತ್ತಿದ್ದ.

ಕದಿರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಗೆ ಬಂದಳು. ಮೊದಲ ಗಾಡಿಯ ತುಪಾಕಿಯನ್ನು ಎತ್ತಿದಳು, ನಡು ಮಡಿಸಿ ನಳಿಗೆಯೊಳಗೆ ಒಂದು ಕಣ್ಣಿಟ್ಟು ಆಕಾಶ ನೋಡಿದಳು, ಹಿಡಿಯನ್ನು ಮೇಲಿಂದ ನೋಡಿದಳು, ಸವೆದ ಜಾಗದ ಮೇಲೆ ಹೆಬ್ಬೆರಳಾಡಿಸಿದಳು.

"ಇದು ಇರ್ಲಿ," ಎಂದಳು. "ಮುಂದಿನೋಳನ್ನ ಕರೀರಿ."